ಅಮ್ಮನ ಎದೆಬಡಿತ ಮತ್ತು ಪೊಟ್ಯಾಸಿಯಂ

ಕಳೆದ ಆಷಾಢದಲ್ಲಿ ಅಮ್ಮನಿಗೆ ಭೇದಿ ಹಿಡಿಯಿತು. ಗಂಜಿ, ಮಜ್ಜಿಗೆ ಬಿಟ್ಟರೆ ಏನೂ ಸೇರುತ್ತಿರಲಿಲ್ಲ, ಆದರೆ ಬಿಪಿ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಭೇದಿ ನಿಂತ ಮೇಲೂ ಕಾಲಲ್ಲಿ ಬಲವಿರಲಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆಮೇಲೊಂದು ಬೆಳಗ್ಗೆ, "ಎದೆ ನಡುನಡುವೆ ನಿಂತು ಮತ್ತೆ ಜೋರಾಗಿ ಹೊಡ್ಕೊಳ್ತದೆ ಕಣೋ" ಅಂದಳು. ಕೈ ಹಿಡಿದು ನೋಡಿದೆ. ನಾಡಿ ನಾಲ್ಕೈದು ಸಲ ಸರಿಯಾಗಿ ಬಡಿದು ಒಂದು ಸಲ ಖಾಲಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ದಾಟಿದರೂ ಮಳೆ, ಪಕ್ಕದಲ್ಲಿ ತುಂಬಿದ ತುಂಗೆ, ನನ್ನ ತಲೆಯಲ್ಲಿ ಬರೀ ಆಂಜಿಯೋಗ್ರಾಂ, ಸ್ಟೆಂಟ್, ಬೆಂಗಳೂರು.

ಇಸಿಜಿ ನೋಡಿದ ಡಾಕ್ಟರ್ ಎದೆನೋವು ಇದೆಯಾ ಅಂತ ಕೇಳಿ, ಕೂಡಲೇ ಮಾತ್ರೆ ಚೀಟಿ ತೋರಿಸಿ ಅಂದರು. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಹೋಗಿಸುವ ಔಷಧಿ ಸೇರಿತ್ತು. ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನುವ ಲವಣಾಂಶ ಹೋಗುತ್ತದೆ, ಭೇದಿಯಲ್ಲೂ ಹೋಗುತ್ತದೆ, ಅಮ್ಮನಿಗೆ ಎರಡೂ ಕಡೆಯಿಂದ ಹೋಗಿತ್ತು. ರಕ್ತದಲ್ಲಿ 3.5ರಿಂದ 5 ಇರಬೇಕಾದದ್ದು 2.6ಕ್ಕೆ ಇಳಿದಿತ್ತು. ಪ್ರತಿ ಬಡಿತ ಮುಗಿದ ಮೇಲೆ ಹೃದಯ ಮುಂದಿನದಕ್ಕೆ ಸಜ್ಜಾಗಲು ಪೊಟ್ಯಾಸಿಯಂ ಬೇಕು. ಅದು ಇಳಿದರೆ ಸರದಿ ತಪ್ಪಿದ ಬಡಿತಗಳು ನುಗ್ಗುತ್ತವೆ. ಇಸಿಜಿಯಲ್ಲಿ ಪ್ರತಿ ಬಡಿತದ ಕೊನೆಗೆ ಏಳುವ ಉಬ್ಬು, ಅಂದರೆ ಟಿ ಅಲೆ, ಚಪ್ಪಟೆಯಾಗಿ, ಅದರ ಹಿಂದೆಯೇ ಯು ಅಲೆಯ ಸಣ್ಣ ಉಬ್ಬು ಎದ್ದಿದ್ದನ್ನು ಡಾಕ್ಟರ್ ಬೆರಳಿಟ್ಟು ತೋರಿಸಿದರು.

"ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಚೆನ್ನಾಗಿದೆ. ಬಡಿತಕ್ಕೆ ಅಂತ ಬೇರೆ ಮಾತ್ರೆ ಈಗ ಬೇಡ, ಮೊದಲು ಪೊಟ್ಯಾಸಿಯಂ ತುಂಬಿಸೋಣ" ಅಂದರು. ಆ ಮಾತು ಕೇಳಿ ನನಗೆ ಉಸಿರು ಬಂತು.

ಆದರೆ ಡ್ರಿಪ್ಪು ನೋಡುತ್ತಾ ಕೂರುವುದು ಬಹಳ ಕಷ್ಟ. ಹನಿ ಅಷ್ಟು ನಿಧಾನ, ಅಮ್ಮನಿಗೆ ಕೈಯೆಲ್ಲ ಉರಿ, ಎದುರಿಗೆ ಮಾನಿಟರ್. ಸ್ವಲ್ಪ ಬೇಗ ಬಿಡಬಹುದಾ ಸಿಸ್ಟರ್ ಅಂತ ಕೇಳಿದೆ. "ಬೇಗ ಬಿಟ್ಟರೆ ಎದೆನೇ ನಿಂತು ಹೋಗಬಹುದು ಸರ್" ಅಂದರು. ಮೆಗ್ನೀಸಿಯಂ ಕೂಡ ಕೊಟ್ಟರು, ಅದು ಕಡಿಮೆ ಇದ್ದರೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲವಂತೆ. ಮಾರನೇ ದಿನ ಮಾನಿಟರ್‌ನಲ್ಲಿ ಸರದಿ ತಪ್ಪಿದ ಗೆರೆಗಳು ಕಡಿಮೆಯಾಗುತ್ತಾ ಬಂದು ಕೊನೆಗೆ ಕಾಣಲೇ ಇಲ್ಲ. ಅಮ್ಮ ಕಾಫಿ ಕೇಳಿದಳು.

ಬಿಪಿ ಮಾತ್ರೆ ಬದಲಾಯಿತು, ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು, ಹೃದಯದ ಮಾತ್ರೆ ಅಂತ ಯಾವುದೂ ಶುರುವಾಗಲಿಲ್ಲ. ಈಗ ಯಾರಿಗೆ ಎದೆ ಡವಡವ ಅಂದರೂ, ಪೊಟ್ಯಾಸಿಯಂ ಇರುತ್ತದೆ, ಸುಮ್ನೆ ಎಳನೀರು ಕುಡಿಸಿ ಅನ್ನುವವರು ಊರಲ್ಲಿ ಹುಟ್ಟಿಕೊಂಡಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಏರಿದರೂ ಬಡಿತ ಕೆಡುತ್ತದೆ, ಮೊದಲು ಇಸಿಜಿ ಮತ್ತು ರಕ್ತ ಪರೀಕ್ಷೆ ಮಾಡಿಸಿ.