ಎಂಟು ಜನ ಗಂಧಕ-38

ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಬಿ.ಎಸ್ಸಿ.ಯಲ್ಲಿ ಅವರು ಮಾಡಿದ ಪಾಠ ಈಗ ನನ್ನ ತಲೆಯಲ್ಲಿ ಹೆಚ್ಚೇನೂ ಉಳಿದಿಲ್ಲ. ಆದರೆ ಗಂಧಕ-38ರ ಅರ್ಧಾಯು, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಬೇರೆ ಧಾತುವಾಗಲು ಹಿಡಿಯುವ ಹೊತ್ತು, ಎಷ್ಟು ಅಂತ ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತೇನೆ: 170 ನಿಮಿಷ.

ಅದಕ್ಕೆ ಕಾರಣ ಒಂದು ಇಂಟರ್ನಲ್ ಟೆಸ್ಟ್. ಅದನ್ನು ಹೇಗಾದರೂ ತಪ್ಪಿಸಬೇಕಿತ್ತು. ಮಲೆನಾಡಿನ ಜುಲೈ ಮಳೆ, ಕಿಟಕಿ ಎಲ್ಲ ಮುಚ್ಚಿತ್ತು. ಬೆಳಿಗ್ಗೆ ನಾವು ಎಂಟು ಜನ ಲ್ಯಾಬಿಗೆ ನುಗ್ಗಿ ಅನಿಲ ತಯಾರಿಸುವ ಕಿಪ್ಸ್ ಉಪಕರಣದ ನಲ್ಲಿ ತಿರುಗಿಸಿಬಿಟ್ಟೆವು. ಹೈಡ್ರೋಜನ್ ಸಲ್ಫೈಡ್, ಗಂಧಕ ಇರುವ ಅನಿಲ! ಕೊಳೆತ ಮೊಟ್ಟೆ ವಾಸನೆ ಪ್ರಿನ್ಸಿಪಾಲರ ಕೋಣೆ ತನಕ ಹೋಯಿತು. ಮೇಷ್ಟ್ರು ಓಡಿ ಬಂದು ನಲ್ಲಿ ಮುಚ್ಚಿ, ಕಿಟಕಿ ತೆಗೆದು, ನಮ್ಮನ್ನು ಜಗಲಿಗೆ ಅಟ್ಟಿದರು. "ವಿಷ ಕಣ್ರೋ ಅದು! ಜಾಸ್ತಿ ಆದರೆ ವಾಸನೆನೂ ಗೊತ್ತಾಗಲ್ಲ."

ಬೈಗುಳ ಅಷ್ಟೇ. ಆಮೇಲೆ ಶಿಕ್ಷೆ. "ಗಂಧಕ ಅಂದರೆ ಅಷ್ಟು ಪ್ರೀತಿನಾ? ಹಾಗಾದರೆ ಇವತ್ತು ನೀವೆಲ್ಲ ಗಂಧಕ-38."

ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಆರ್ಗಾನ್ ಇದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಅದರ ಬೀಜಕ್ಕೆ ಬಡಿದಾಗ ಆಗೊಮ್ಮೆ ಈಗೊಮ್ಮೆ ಗಂಧಕ-38 ಹುಟ್ಟುತ್ತದೆ, ಮಳೆ ಜೊತೆ ಕೆಳಗೂ ಇಳಿಯುತ್ತದೆ. ಮಾಮೂಲಿ ಗಂಧಕದಲ್ಲಿ 16 ಪ್ರೋಟಾನು, 16 ನ್ಯೂಟ್ರಾನು. ಇದರಲ್ಲಿ ನ್ಯೂಟ್ರಾನು 22. ಅಷ್ಟು ಹೊರೆ ಹೊತ್ತು ಬಹಳ ಹೊತ್ತು ನಿಲ್ಲೋಕಾಗಲ್ಲ. ಒಂದು ನ್ಯೂಟ್ರಾನು ಪ್ರೋಟಾನಾಗಿ, ಎಲೆಕ್ಟ್ರಾನೊಂದು ಹೊರಗೆ ಚಿಮ್ಮಿ, ಗಂಧಕ ಹೋಗಿ ಕ್ಲೋರಿನ್-38 ಆಗುತ್ತದೆ. ಇದನ್ನೆಲ್ಲ ಅವರು ಹೇಳಿದ್ದು ಜಗಲಿಯಲ್ಲೇ, ಮಳೆ ಕಡೆ ಕೈ ತೋರಿಸುತ್ತಾ.

ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಎಂಟೂ ಜನ ಲ್ಯಾಬಿನಲ್ಲಿ ನಿಲ್ಲಬೇಕು. 11.20ಕ್ಕೆ ಚೀಟಿ ಎತ್ತಿ ನಾಲ್ವರು ಹೊರಗೆ. 2.10ಕ್ಕೆ ಇಬ್ಬರು. ಐದಕ್ಕೆ ಒಬ್ಬ. "ಸರ್, ಚೀಟಿ ಯಾಕೆ? ರೋಲ್ ನಂಬರ್ ಪ್ರಕಾರ ಬಿಡಿ" ಅಂದ ನಮ್ಮ ಲೀಡರ್. "ಯಾವ ಪರಮಾಣು ಯಾವಾಗ ಹೋಗುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ. ಗುಂಪಿನ ಲೆಕ್ಕ ಮಾತ್ರ ಗೊತ್ತು" ಅಂದರು. ಬರೀ ಎಂಟೇ ಪರಮಾಣು ಇದ್ದರೆ ಹೀಗೆ ಗಂಟೆ ಹೊಡೆದ ಹಾಗೆ ಸರಿಯಾಗಿ ಅರ್ಧ ಹೋಗುವುದಿಲ್ಲ, ಲಕ್ಷ ಕೋಟಿ ಇರಬೇಕು ಅಂತಲೂ ಅವರೇ ಹೇಳಿದರು. ಶಿಕ್ಷೆಗೆ ಅಷ್ಟು ಸಡಿಲ ನಡೆಯುತ್ತೆ, ಅಲ್ವಾ?

ಹೊರಗೆ ಹೋದವರೂ ಪಾರಾಗಲಿಲ್ಲ. ಕ್ಲೋರಿನ್-38ರ ಅರ್ಧಾಯು 37 ನಿಮಿಷ. ಅಷ್ಟು ಹೊತ್ತು ಪಕ್ಕದ ಸ್ಟೋರ್ ರೂಮಿನಲ್ಲಿ ಟೆಸ್ಟ್ ಟ್ಯೂಬ್ ತೊಳೆಯಬೇಕು. ಆಮೇಲೆ ಆರ್ಗಾನ್-38. ಅದು ಸ್ಥಿರ, ಯಾರ ಜೊತೆಗೂ ಸೇರುವುದಿಲ್ಲ. ಅಂದರೆ ಲೈಬ್ರರಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ನಮ್ಮ ಲೀಡರ್‌ಗೆ ಆರ್ಗಾನ್ ಆಗುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಕೊನೆಗೆ ಉಳಿದವನು ನಾನು. ಊರಿನ ಬಸ್ ಹೋಗಿತ್ತು. ಮೇಷ್ಟ್ರು ಮನೆಗೆ ಕರೆದುಕೊಂಡು ಹೋದರು. ಅಮ್ಮಾವರು ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸಿದರು. ಮುಂದಿನ ಟೆಸ್ಟಿನಲ್ಲಿ ಅರ್ಧಾಯುವಿನ ಲೆಕ್ಕಕ್ಕೆ ಪೂರ್ತಿ ಅಂಕ ಬಂದಿದ್ದು ಕ್ಲಾಸಿಗೆಲ್ಲ ನನಗೊಬ್ಬನಿಗೇ. ಇದನ್ನು ಹೇಳದಿದ್ದರೆ ಹೇಗೆ? ಈಗ ನನ್ನ ಕೈಕೆಳಗೆ ಬರುವ ಹೊಸ ಹುಡುಗರಿಗೂ ಇದೇ ಆಟ ಆಡಿಸುತ್ತೇನೆ. ಚೆನ್ನಾಗಿ ಹೇಳಿಕೊಡ್ತೀರಿ ಸರ್ ಅನ್ನುತ್ತಾರೆ.

ಅವರಿಗೆ ಸೂತ್ರ ಬಾಯಿಪಾಠ, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದರಲ್ಲಿ ಎತ್ತಿದ ಕೈ. ಮೂರು ಅರ್ಧಾಯು ಕಳೆದರೆ ಎಷ್ಟು ಉಳಿಯುತ್ತೆ ಅಂತ ಕೇಳಿದರೆ ಕ್ಯಾಲ್ಕ್ಯುಲೇಟರ್ ಹುಡುಕುತ್ತಾರೆ. ತಪ್ಪು ಅವರದ್ದಲ್ಲ. ಕೋಚಿಂಗ್‌ನಲ್ಲಿ ಯಾರು ಇಡೀ ದಿನ ಒಂದು ಲೆಕ್ಕಕ್ಕೆ ಕೊಡುತ್ತಾರೆ?

ಮೇಷ್ಟ್ರ ದೊಡ್ಡ ಫೋಟೊ ಹಾಕಿಸೋಣ ಅಂತ ನಮ್ಮ ಬ್ಯಾಚಿನವರು ದುಡ್ಡು ಸೇರಿಸುತ್ತಿದ್ದಾರೆ. ನಾನೂ ಕೊಟ್ಟಿದ್ದೇನೆ. ಆದರೆ ಮೊದಲು ಆ ಲ್ಯಾಬಿಗೆ ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಬೇಕು ಅಂತ ಹಟ ಹಿಡಿದಿದ್ದೇನೆ.