ಇನ್ನರ್ಧ ಪ್ಲೇಟು

ಬಿಎಸ್ಸಿ ಎರಡನೇ ವರ್ಷ. ಪೆಟ್ರಿ ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಕಾಲೊನಿಗಳನ್ನು, ಅಂದರೆ ಚುಕ್ಕೆಯಂತೆ ಕಾಣುವ ಗುಂಪುಗಳನ್ನು, ಎಣಿಸಬೇಕಿತ್ತು. ನಾನು ಅರ್ಧ ಪ್ಲೇಟು ಎಣಿಸಿ, ಎರಡರಿಂದ ಗುಣಿಸಿ, ರೆಕಾರ್ಡಿನಲ್ಲಿ 186 ಎಂದು ಬರೆದೆ. ಮೇಡಂ ಬೈಯಲಿಲ್ಲ. ಇನ್ನರ್ಧವನ್ನೂ ಎಣಿಸಲು ಹೇಳಿದರು. ಒಟ್ಟು ಇದ್ದದ್ದು 131. "ಹಾಗಾದ್ರೆ ಈ 55 ನೀನು ಹುಟ್ಟಿಸಿದ್ದು, ಅಲ್ವಾ?" ಎಂದರು. ಅಷ್ಟೇ. ಆಮೇಲೆ ಜೀವನವಿಡೀ ಎಣಿಸುವುದೇ ನನ್ನ ಕೆಲಸವಾಯಿತು.

ನಾನು ಸಂಶೋಧನೆಗೆ ಸೇರಿದಾಗ ಎಚ್‌ಐವಿಗೆ ಇದ್ದ ಔಷಧ ಎಂದರೆ ಮುಖ್ಯವಾಗಿ ಜಿಡೋವುಡಿನ್. 1964ರಲ್ಲಿ ಕ್ಯಾನ್ಸರಿಗೆಂದು ತಯಾರಿಸಿ, ಫಲ ಕಾಣದೆ ಬದಿಗಿಟ್ಟಿದ್ದ ವಸ್ತು ಅದು. 1987ರಲ್ಲಿ ಅಮೆರಿಕದಲ್ಲಿ ಏಡ್ಸ್‌ಗೆ ಅನುಮತಿ ಸಿಕ್ಕಿತು. ಮೊದಲ ಕೆಲವು ತಿಂಗಳು ರೋಗಿಗಳು ಚೇತರಿಸಿಕೊಳ್ಳುತ್ತಿದ್ದರು. ಆಮೇಲೆ ಮತ್ತೆ ಕುಸಿಯುತ್ತಿದ್ದರು. ಯಾಕೆಂದು ನೋಡುವುದು ನನ್ನ ಪಾಲಿನ ಕೆಲಸ. ರೋಗಿಗಳ ರಕ್ತದಿಂದ ಬೆಳೆಸಿದ ವೈರಸ್ಸನ್ನು ಜೀವಕೋಶಗಳ ಮೇಲೆ ಬಿಡುತ್ತಿದ್ದೆವು. ಸೋಂಕು ತಗುಲಿದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡ ಮುದ್ದೆಯಾಗುತ್ತವೆ. ಔಷಧ ಹಾಕಿದ ಕಡೆ ಎಷ್ಟು ಮುದ್ದೆ, ಹಾಕದ ಕಡೆ ಎಷ್ಟು? ಸೂಕ್ಷ್ಮದರ್ಶಕದ ಕೆಳಗೆ ಇಡೀ ದಿನ ಎಣಿಸುತ್ತಿದ್ದೆ. ಅರ್ಧ ಎಣಿಸಿ ಗುಣಿಸಲು ಕೈ ಬರುತ್ತಿರಲಿಲ್ಲ.

ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಒಂದು ನಂಬರ್ ನನಗೆ ಇವತ್ತಿಗೂ ಬಾಯಿಪಾಠ. ಮೊದಲ ಟ್ಯೂಬಿನಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡಿತ್ತು. ವರ್ಷದ ನಂತರ ಬಂದ ಟ್ಯೂಬಿನಲ್ಲಿ ಔಷಧ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಮೂರನೆಯ ಟ್ಯೂಬ್ ಬರಲೇ ಇಲ್ಲ. ಅದು ಬರುವುದಿಲ್ಲ ಎಂದು ತಿಳಿದ ಸಂಜೆ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಉತ್ತರ ಸಿಕ್ಕಿದ್ದೂ ಎಣಿಕೆಯಿಂದಲೇ. 1995ರಲ್ಲಿ ಅಮೆರಿಕದ ಸಂಶೋಧಕರಾದ ಡೇವಿಡ್ ಹೋ ಮತ್ತು ಜಾರ್ಜ್ ಶಾ ಅವರ ತಂಡಗಳು ಹೊಸ ಔಷಧ ಕೊಟ್ಟು, ರಕ್ತದಲ್ಲಿ ವೈರಸ್ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದವು. ಮರುವರ್ಷ ಸೋಂಕನ್ನು ಗಣಿತದಿಂದ ಅಳೆಯುವ ವಿಜ್ಞಾನಿ ಅಲನ್ ಪೆರೆಲ್ಸನ್ ಮತ್ತು ಹೋ ತಂಡದ ಲೆಕ್ಕ ಬಂತು: ಒಬ್ಬ ರೋಗಿಯ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಕಣಗಳು. ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ ಎಂದುಕೊಂಡಿದ್ದ ಸೋಂಕು ಇದು! ವೈರಸ್ಸಿನ ಜೀನೋಮಿನಲ್ಲಿ, ಅಂದರೆ ಅದರ ಪೂರ್ತಿ ಆನುವಂಶಿಕ ಬರಹದಲ್ಲಿ, ಇರುವುದು ಸುಮಾರು 9,700 ಅಕ್ಷರ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪು ತಿದ್ದಿಕೊಳ್ಳಲು ಬರುವುದಿಲ್ಲ. ಸರಿಸುಮಾರು ಮೂರು ನಕಲಿಗೆ ಒಂದು ತಪ್ಪು. ದಿನಕ್ಕೆ ಅಷ್ಟು ಕೋಟಿ ನಕಲು ಎಂದರೆ, ಯಾವುದೇ ಒಂದು ಔಷಧವನ್ನು ದಾಟಬಲ್ಲ ವೈರಸ್ ಮೊದಲ ಮಾತ್ರೆ ನುಂಗುವ ಮುಂಚೆಯೇ ಅಲ್ಲಿರಬಹುದು. ಒಂದು ಔಷಧ ಕೊಟ್ಟರೆ ಅದಕ್ಕೆ ಜಾಗ ಬಿಡಿಸಿಕೊಟ್ಟಂತೆ. ಮೂರು ಔಷಧ ಒಟ್ಟಿಗೆ ಕೊಟ್ಟರೆ, ಮೂರನ್ನೂ ದಾಟುವ ತಪ್ಪುಗಳು ಒಂದೇ ಕಣದಲ್ಲಿ ಸೇರುವುದು ಬಹಳ ಅಪರೂಪ. ನನ್ನ ಆ ನಂಬರಿನ ರೋಗಿ ಮಾತ್ರೆ ತಪ್ಪಿಸಿರಲಿಕ್ಕಿಲ್ಲ. ನಾವು ಕೊಟ್ಟದ್ದೇ ಸಾಲದಾಗಿತ್ತು.

1996ರ ಜುಲೈನಲ್ಲಿ ವ್ಯಾಂಕೂವರ್ ಏಡ್ಸ್ ಸಮ್ಮೇಳನದಲ್ಲಿ ಮೂರು ಔಷಧಗಳ ಫಲಿತಾಂಶ ಕೇಳಿ ಸಭೆಯಲ್ಲಿ ಅತ್ತವರಿದ್ದರು. ನಾನು ಖುಷಿಯಿಂದ ಮೇಡಂಗೆ ಪತ್ರ ಬರೆದೆ, "ರಕ್ತದಲ್ಲಿ ಈಗ ವೈರಸ್ ಕಾಣುವುದೇ ಇಲ್ಲ" ಎಂದು. ಅವರ ಉತ್ತರ ಒಂದೇ ಕಾರ್ಡು. ಮೊದಲು ಹರಸಿದ್ದರು. ಕೊನೆಗೆ ಒಂದು ಸಾಲು: "ಕಾಣುವುದಿಲ್ಲ ಅಂದರೆ ಎಷ್ಟಕ್ಕಿಂತ ಕಡಿಮೆ?"

ಆ ಕಾಲದ ಪರೀಕ್ಷೆಗಳು ಮಿಲಿಲೀಟರಿಗೆ ವೈರಸ್ಸಿನ ಕೆಲವು ನೂರು ಪ್ರತಿಗಳಿಗಿಂತ ಕಡಿಮೆ ಇದ್ದರೆ ಹಿಡಿಯುತ್ತಿರಲಿಲ್ಲ. ನಾನು ಮತ್ತೆ ಅರ್ಧ ಪ್ಲೇಟನ್ನಷ್ಟೇ ನೋಡಿದ್ದೆ. 1997ರಲ್ಲಿ ಮೂರು ತಂಡಗಳು ಇನ್ನರ್ಧವನ್ನು ತೋರಿಸಿದವು. ಚಿಕಿತ್ಸೆ ಪಡೆದು ವೈರಸ್ ಕಾಣದವರಲ್ಲೂ, ನಿದ್ದೆ ಮಾಡುತ್ತಿರುವ ಸಿಡಿ4 ಕೋಶಗಳ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ) ಒಳಗೆ ಅದು ಅಡಗಿತ್ತು. ಎದ್ದು ಬೆಳೆಯಬಲ್ಲ ವೈರಸ್ ಇರುವುದು ಸುಮಾರು ಹತ್ತು ಲಕ್ಷ ಕೋಶಗಳಲ್ಲಿ ಒಂದರಲ್ಲಿ. ಆ ಗುಂಪು ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಆ ಲೆಕ್ಕದಲ್ಲಿ ಪೂರ್ತಿ ಹೋಗಲು 70 ವರ್ಷಕ್ಕೂ ಜಾಸ್ತಿ. ಅಂದಿನಿಂದ ನಾನು ಆ ಕೋಶಗಳ ಹಿಂದೆ ಬಿದ್ದಿದ್ದೇನೆ.

ಒಮ್ಮೆ ಕ್ಲಿನಿಕ್ಕಿನಲ್ಲಿ ಒಬ್ಬರು ಕೇಳಿದರು, "ವೈರಸ್ ಕಾಣ್ತಿಲ್ಲ ಅಂದ್ಮೇಲೆ ಮಾತ್ರೆ ಯಾಕೆ?" ಕಾಗದದ ಮೇಲೆ ಒಂದರ ಮುಂದೆ ಆರು ಸೊನ್ನೆ ಬರೆದು ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. ಇನ್ನೊಂದನ್ನೂ ಹೇಳಿದೆ: ಮಾತ್ರೆ ಬಿಡದೆ ನುಂಗಿ, ವೈರಸ್ ಕಾಣದಂತೆ ಇದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಮೇಡಂ ಈಗ ಇಲ್ಲ. ಆ ಕಾರ್ಡು ನನ್ನ ಮೇಜಿನ ಗಾಜಿನ ಕೆಳಗಿದೆ. ಇದನ್ನು ಬರೆಯುವಾಗ ಇನ್‌ಕ್ಯುಬೇಟರಿನಲ್ಲಿ ನಮ್ಮ ಹುಡುಗರು ಇಟ್ಟ ಪ್ಲೇಟುಗಳಿವೆ. ಮಲಗಿದ ಕೋಶಗಳನ್ನು ಎಬ್ಬಿಸಿ, ಪ್ಲೇಟಿನ ಯಾವ ಗುಳಿಯಲ್ಲಿ ವೈರಸ್ ಬೆಳೆಯುತ್ತದೆ ಎಂದು ಕಾಯುತ್ತಿದ್ದೇವೆ. ಹದಿನಾಲ್ಕು ದಿನ ಬೇಕು. ಸೋಮವಾರ ತೆಗೆದು ಎಣಿಸುತ್ತೇವೆ.