ಬಾಯಿಗಿಲ್ಲದ ‘ಪಿ’ ಬರವಣಿಗೆಗೇಕೆ?

ಈ ವಾರ ದಾವಣಗೆರೆಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಮೆಕ್ಕೆಜೋಳದ ಬೀಜಕ್ಕೆ ಜನ ಮುಗಿಬಿದ್ದಿದ್ದರು. ತಂದೆಯ ಜೊತೆ ಬಂದಿದ್ದ, ಆರೋ ಏಳೋ ತರಗತಿಯಲ್ಲಿರಬಹುದಾದ ಹುಡುಗಿಯೊಬ್ಬಳು ಬಿಲ್ ಪುಸ್ತಕದ ತಲೆಬರಹದ ಮೇಲೆ ಬೆರಳಿಟ್ಟು ‘ಕ್ಯಾಶ್ ರಿಸಿಪ್ಟ್’ ಎಂದು ಗಟ್ಟಿಯಾಗಿ ಓದಿದಳು.

“ರಿಸಿಪ್ಟ್ ಅಲ್ಲವ್ವ, ರಿಸೀಟ್. ಪಿ ಸೈಲೆಂಟು. ಕಾನ್ವೆಂಟಿಗೆ ಹೋಗ್ತೀಯ, ಅಷ್ಟೂ ಗೊತ್ತಿಲ್ಲೇನು?” ಎಂದು ಗುಮಾಸ್ತ ನಕ್ಕ.

“ಅನ್ನಂಗಿಲ್ಲ ಅಂದ್ಮೇಲೆ ಯಾಕೆ ಬರೀಬೇಕು ಅಣ್ಣಾ?”

“ಅದು ಹಂಗೇ.”

ತಂದೆ ‘ಸುಮ್ನಿರು’ ಎಂದು ಮಗಳ ಕೈ ಜಗ್ಗಿದರು. ಗುಮಾಸ್ತ ಕೆಟ್ಟವನಲ್ಲ, ಲೆಕ್ಕದಲ್ಲಿ ಚುರುಕಿನವನು. ಆದರೆ ತನಗೆ ಯಾರೋ ಹೇಳಿಕೊಟ್ಟದ್ದನ್ನು ಇನ್ನೊಬ್ಬರ ಅಜ್ಞಾನವೆಂದು ಎತ್ತಿ ತೋರಿಸುವ ಚಟ ಅವನಿಗಿದೆ. ಅವಳ ಪ್ರಶ್ನೆಯೋ ಭಾಷಾಪಂಡಿತರು ಉತ್ತರಿಸಬೇಕಾದದ್ದು.

ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಆ ಪದದಲ್ಲಿ ‘ಪಿ’ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಅದು ಇದೆಯೆಂಬ ಕಾರಣಕ್ಕೆ, ನಾಲಿಗೆಯನ್ನು ಕೇಳದೆ, ಓದಿಕೊಂಡವರು ಬರವಣಿಗೆಯೊಳಗೆ ತೂರಿಸಿದರು. ಅದೇ ಧಾತುವಿಗೆ ಸೇರಿದ, ಮೋಸವೆಂಬರ್ಥದ ‘ಡಿಸೀಟ್’ಗೂ ಜಂಬವೆಂಬರ್ಥದ ‘ಕನ್ಸೀಟ್’ಗೂ ಮಾತ್ರ ಆ ಅಕ್ಷರ ಉಳಿಯಲಿಲ್ಲ, 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟು ಕೂಡ ಈ ಪಂಕ್ತಿಭೇದವನ್ನು ಹಾಗೆಯೇ ಬಿಟ್ಟಿತು. ಸಾಲವೆಂಬರ್ಥದ ‘ಡೆಟ್’ನೊಳಗಿನ ‘ಬಿ’ಯೂ ಇದೇ ರೀತಿ 16ನೇ ಶತಮಾನದ ಆಸುಪಾಸಿನಲ್ಲಿ ಲ್ಯಾಟಿನ್ನಿನ ‘ಡೆಬಿಟುಮ್’ ನೋಡಿ ಸೇರಿಸಿದ್ದು. ಅದಕ್ಕೂ ಮೊದಲು ಇಂಗ್ಲಿಷರು ಆ ‘ಬಿ’ಯಿಲ್ಲದೆಯೇ ಸಾಲ ಮಾಡಿ ತೀರಿಸುತ್ತಿದ್ದರು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆಂದು ನಾವು ಬೀಗುವುದುಂಟು. ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಎನ್ನುತ್ತೇವೆ, ‘ಚಿಹ್ನೆ’ ಎಂದು ಬರೆದು ‘ಚಿನ್ಹೆ’ ಎನ್ನುತ್ತೇವೆ. ಆದ್ದರಿಂದ ಹೆಚ್ಚು ಹಾರಾಡುವಂತಿಲ್ಲ. ಆದರೂ ನಮ್ಮಲ್ಲಿ ಅಕ್ಷರ ಜಾಗ ಬದಲಿಸುತ್ತದೆಯೇ ಹೊರತು ಪೂರ್ತಿ ಮೂಕವಾಗುವುದು ಅಪರೂಪ.

ನನಗೆ ಸಿಟ್ಟು ಬರಿಸುವುದು ದ್ವೀಪವೆಂಬರ್ಥದ ‘ಐಲ್ಯಾಂಡ್’. ಇದು ಹಳೆಯ ಇಂಗ್ಲಿಷಿನ ಸ್ವಂತ ಪದ, ಲ್ಯಾಟಿನ್ನಿಗೂ ಇದಕ್ಕೂ ನಂಟಿಲ್ಲ. ಅದೇ ಅರ್ಥದ, ಲ್ಯಾಟಿನ್ ಮೂಲದ ‘ಐಲ್’ ಎಂಬ ಬೇರೊಂದು ಪದದ ಸಂಬಂಧಿಯೆಂದು ತಪ್ಪಾಗಿ ಎಣಿಸಿ ಇದರೊಳಗೂ ‘ಎಸ್’ ಕೂರಿಸಿದರು. ಬಲ್ಲವರ ಆ ತಪ್ಪನ್ನು ಇಂದು ನಮ್ಮ ಮಕ್ಕಳು ಉರು ಹೊಡೆಯಬೇಕು. ಸರಿಯಾದ ಹಳೆಯ ರೂಪದಂತೆ ‘ಎಸ್’ ಬಿಟ್ಟು ಬರೆದರೆ ಡಿಕ್ಟೇಶನ್ನಿನಲ್ಲಿ ಅಂಕ ಕಳೆಯುತ್ತಾರೆ.